ವಾದಿ ಮೋರಿ ಮೇಲಿದ್ದ!

ಮಚ್ಚು ನನ್ನ ಗಂಟಲಿಗೆ ಒಂದು ಗೇಣು ದೂರದಲ್ಲಿತ್ತು!

"ಬಸ್ಸು ಇಂದಕ್ಕೆ ತಿರುಗ್ಸು ಕಣ್ಲಾ ರಂಗ! ಮುದುಕಿ ಇವತ್ತು ಮಂಡ್ಯ ಸೇರಾಕಿಲ್ಲ!"

ಮಚ್ಚು ಹಿಡಿದವನು ಕರಿಯಯ್ಯ. ಮಾತು ಅವನ ಹಿಂದೆ ನಿಂತಿದ್ದ ಧಣಿಯದು. ಮಳವಳ್ಳಿಯ ಸಾಹುಕಾರ ಮರಿಸಿದ್ದಯ್ಯ. ಮಂಡ್ಯದ ಹತ್ತಿರ ರಸ್ತೆ ಕಿರಿದಾಗೋ ಮೋರಿಯ ಮೇಲೆ ತನ್ನ ಕಾರನ್ನು ಅಡ್ಡ ನಿಲ್ಲಿಸಿದ್ದ.

ನಾನು ಕಸ್ತೂರಿರಂಗ. ಮಂಡ್ಯದ ವಕೀಲ ಅನಂತರಾಮು ಕರೀ ಕೋಟು ಹಾಕಿಕೊಂಡು ಮಾಡಲಾಗದ ಕೆಲಸಗಳನ್ನು ಕೋಟಿಲ್ಲದೆ ಮಾಡಿಕೊಡೋನು. ಆವತ್ತಿನ ಕೆಲಸ ಸುಲಭ... ಹಾಜಿರಾ ಬೀಯನ್ನು ಮಳವಳ್ಳಿಯಿಂದ ಮಂಡ್ಯದ ಮುನ್ಸೀಫ್ ಕೋರ್ಟಿಗೆ ತಲುಪಿಸೋದು. ಅಷ್ಟೇ!

ಪಾತ್ರೆಗೆ ಕಲಾಯಿ ಹಾಕಿ ಬದುಕೋ ವಿಧವೆ. ಅವಳ ಮನೆಯ ಜಾಗ ತನ್ನದು ಅಂತ ಮರಿಸಿದ್ದಯ್ಯ ದಾವಾ ಹೂಡಿದ್ದ. ವಿಚಾರಣೆಗೆ ಮುಂಚೆ ವಾದಿ, ಪ್ರತಿವಾದಿ ಇಬ್ಬರೂ ಖುದ್ದಾಗಿ ಬರಬೇಕು ಅಂತ ಮುನ್ಸೀಫರ ಹುಕುಂ. ಇವಳು ಹೋಗದಿದ್ದರೆ ಏಕಪಕ್ಷೀಯ ಡಿಕ್ರಿ.

ಮನೆ ಗೋವಿಂದ!

"ನನ್ ಗಂಡ ಕಟ್ಸಿದ್ ಮನೆ ಕಣಪ್ಪಾ..." ಬಸ್ಸಿನ ಬಾಗಿಲಲ್ಲಿ ಹಾಜಿರಾ ಬೀ ಅಂಗಲಾಚಿದಳು. ನನಗೆ ಪಿತ್ತ ನೆತ್ತಿಗೇರಿತು.

ಆಗ ಕಣ್ಣಿಗೆ ಬಿತ್ತು... ಸಾಹುಕಾರನ ಕಾರು!

ಯುದ್ಧದ ಕಾಲ ಸಾರ್. ಪೆಟ್ರೋಲು ಎಲ್ಲಿಯದು? ಬಸ್ಸು, ಕಾರು ಎಲ್ಲಾ ಇದ್ದಿಲ ಗ್ಯಾಸಿನ ಮೇಲೆ. ಗಾಡಿಯ ಹಿಂಬದಿಯಲ್ಲಿ ಒಲೆ ಉರೀತಾನೇ ಇರಬೇಕು. ಆರಿದರೆ ಮತ್ತೆ ಹೊತ್ತಿಸಿ, ಗಾಳಿಚಕ್ರ ತಿರುಗಿಸಿ, ಗ್ಯಾಸ್ ಏಳೋ ಹೊತ್ತಿಗೆ ಸಾಕೋ ಸಾಕು. ಈ ಮಹಾಶಯ ಬೆಳಗಿನಿಂದ ನಮ್ಮನ್ನು ಕಾಯುತ್ತಾ ಇಲ್ಲೇ ಠಿಕಾಣಿ ಹೂಡಿದ್ದ. ಅವನ ಒಲೇಲಿ ಹೊಗೆ ಕೂಡ ಇಲ್ಲ!

ಮೋರಿಯ ಆಚೆ, ಮಂಡ್ಯದಿಂದ ಬಂದ ಜಟಕಾ ಒಂದು ದಾರಿ ಇಲ್ಲದೆ ನಿಂತಿತ್ತು.

"ಬಾಬು ಜಾನ್!" ನಮ್ಮ ಡ್ರೈವರನ್ನು ಕೂಗಿದೆ. "ಸರಳು!"

ಬಸ್ಸಿನ ಒಲೆ ಕೆದಕೋ ಸರಳು ಕೈಗೆ ಬಂತು. ತುದಿ ಕೆಂಪಗಿತ್ತು. ಕರಿಯಯ್ಯನ ಮೀಸೆಯ ಹತ್ತಿರ ಒಯ್ದೆ.

"ಅಯ್ಯಯ್ಯಪ್ಪೋ!"

ಮಚ್ಚು ಒಂದು ಕಡೆ, ಕರಿಯಯ್ಯ ಇನ್ನೊಂದು ಕಡೆ... ಗದ್ದೆ ಕೆಸರಿಗೆ!

ಹಾಜಿರಾ ಬೀಯ ಕೈ ಹಿಡಿದು ಕಾರಿನ ಪಕ್ಕ ನುಸುಳಿ ಓಡಿದೆ.

"ಜಟಕಾ ತಿರುಗಿಸು! ಕೋರ್ಟಿಗೆ!"

ಸಾಹುಕಾರ ಎಸೆದ ಕಲ್ಲು ಕಿವಿ ಪಕ್ಕ ಹಾರಿತು. ಇನ್ನೊಂದು ಬೆನ್ನಿಗೇ ಬಿತ್ತು. ಕುದುರೆ ನಾಗಾಲೋಟ!

ಆಮೇಲಿನದು ಬಾಬು ಜಾನ್ ಹೇಳಿದ್ದು. ಸಾಹುಕಾರ ಹ್ಯಾಂಡಲ್ ತಿರುಗಿಸಿದನಂತೆ. ಕಾರು ಕೆಮ್ಮಲೂ ಇಲ್ಲವಂತೆ. ತಳ್ಳಿ ಅಂದರೆ ಬಸ್ಸಿನಿಂದ ಒಬ್ಬರೂ ಇಳಿಯಲಿಲ್ಲ.

"ನಿನ್ ಬಸ್ಸಲ್ಲಾದ್ರೂ ಕರ್ಕಂಡೋಗ್ಲಾ!"

"ಎಂಗ್ ಓಗ್ಲಿ ಸಾವ್ಕಾರ್ರೇ? ಯಾರೋ ದಾರೀಗೆ ಕಾರು ಅಡ್ಡ ನಿಲ್ಸವ್ರಲ್ಲ!"

ಕೋರ್ಟಿನ ಬಾಗಿಲಲ್ಲಿ ಜವಾನ ರೂಢಿಯಂತೆ ಮೂರು ಸಲ ಕೂಗಿದ.

"ಮರಿಸಿದ್ದಯ್ಯಾ... ಮರಿಸಿದ್ದಯ್ಯಾ... ಮರಿಸಿದ್ದಯ್ಯಾ!"

ಆಮೇಲೆ ಪ್ರತಿವಾದಿಯ ಸರದಿ.

"ಹಾಜಿರಾ ಬೀ!"

"ಇವ್ನಿ ಸ್ವಾಮಿ!"

ಸಾಹುಕಾರನ ವಕೀಲ ಎದ್ದ. "ಕಕ್ಷಿದಾರರು ದಾರಿಯಲ್ಲಿದ್ದಾರೆ... ಒಂದು ವಾಯಿದೆ..."

"ಕೊಟ್ಟಿದ್ದು ಸಾಕು. ಖುದ್ದಾಗಿ ಬರಲು ಹೇಳಿದ್ದೆ." ಮುನ್ಸೀಫರು ಪೆನ್ನು ಎತ್ತಿದರು. "ವಾದಿ ಗೈರುಹಾಜರು. ದಾವಾ ವಜಾ!"

ಸಾಕ್ಷಿ ಇಲ್ಲ, ವಾದ ಇಲ್ಲ, ಮುಗೀತು! ಹಾಜಿರಾ ಬೀ ಅಲ್ಲೇ ಕುಸಿದು ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಮುಖವೆಲ್ಲಾ ಮಸಿ ಮಾಡಿಕೊಂಡು ಮರಿಸಿದ್ದಯ್ಯ ಬಂದಾಗ ಕೋರ್ಟು ಏಳುತ್ತಿತ್ತು.

"ಬುಡಾಕಿಲ್ಲ ಕಣ್ಲಾ! ಇನ್ನೊಂದು ಕೇಸ್ ಆಕ್ತೀನಿ!"

"ಅದೇ ಜಾಗಕ್ಕೆ ಹೊಸ ದಾವಾ ಹೂಡೋ ಹಾಗಿಲ್ಲ. ಹಳೇದನ್ನೇ ಮತ್ತೆ ತೆಗೆಸಬೇಕು. ಯಾಕೆ ಬರಲಿಲ್ಲ ಅಂತ ಸರಿಯಾದ ಕಾರಣ ಕೊಡಬೇಕು, ಅಷ್ಟೇ," ಅಂದೆ ನಾನು.

"ಏನಂತ ಯೋಳ್ಲಿ?"

"ಹೆಂಗಸು ಕೋರ್ಟಿಗೆ ಬರಬಾರದು ಅಂತ ಮಚ್ಚಿನವನನ್ನು ಕಟ್ಟಿಕೊಂಡು ಮೋರಿ ಮೇಲೆ ಕಾಯ್ತಿದ್ದೆ ಅಂತ ಹೇಳು... ಬೇಕಾದರೆ ನಿನ್ನ ಪರ ನಾನೇ ಸಾಕ್ಷಿ ಹೇಳ್ತೀನಿ!"