ಹಿಂದಿನಿಂದ ಕರೆಯದವಳು

"ಇದನ್ನ ನನ್ನ ಕಂಡೇ ಓದಿದ್ದಾ?"

ಪೂಜಿತಾ ಎದ್ದು ನಿಂತಿದ್ದಳು. ಕುಂದಾಪುರದ ಹಳೆ ಬಸ್‌ ಸ್ಟ್ಯಾಂಡಿನ ಹತ್ತಿರ, ಪ್ರೆಸ್ಸಿನ ಮಹಡಿಯಲ್ಲಿ ಭಾನುವಾರ ಸೇರುವ ಓದುಗರ ಬಳಗದಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು.

ಓದುತ್ತಿದ್ದವನು ಅಂದೇ ಬಂದ ಹೊಸಬ, ಗೌರೀಶ್. ಸಾಲಿಗ್ರಾಮದ ಕಡೆಯ ದೇವಸ್ಥಾನವೊಂದರ ಅಡುಗೆಯವರಾದ ಶಾಮರಾಯರ ಮಗ. ಅಪ್ಪನ ಸೌಟು ಹಿಡಿಯದೆ ಸರಕು ಹಡಗಿನ ಅಡುಗೆಯವನಾಗಿ, ಮೀನು ಮಾಂಸ ಎಲ್ಲವನ್ನೂ ಬೇಯಿಸಿ, ನೆಂಟರ ಬಾಯಿಗೆ ಬಿದ್ದವನು.

ಅವನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದದ್ದು ಒಂದು ಇಂಗ್ಲಿಷ್ ಕವಿತೆ. ಮೀನಿನ ಫ್ಯಾಕ್ಟರಿಯ ಕೆಲಸ ಮುಗಿಸಿದ ಹೆಂಗಸೊಬ್ಬಳು ಬಸ್ಸು ಹತ್ತಿ ಕೂರುತ್ತಾಳೆ. ಪಕ್ಕದವಳು ಕೋಟಿನ ಅಂಚು ಎಳೆದುಕೊಂಡು ಸರಿಯುತ್ತಾಳೆ.

ಕೋಟಿನ ಬದಲು ಸೀರೆ ಅಂದರೆ ಅದು ಪೂಜಿತಾಳ ಊರು, ಕಡಲ ದಂಡೆಯ ಕೋಡಿಯ ಬಸ್ಸು! ಅವಳ ಅಮ್ಮ ವನಜ ಬುಟ್ಟಿ ಹೊತ್ತು ಮೀನು ಮಾರುಕಟ್ಟೆಗೆ ಹೋಗುವ ಬಸ್ಸು. ಸರಿದ ಸೆರಗುಗಳನ್ನು ನೋಡುತ್ತಲೇ ಅವಳು ಬೆಳೆದಿದ್ದಳು.

"ನಿಮ್ಮನ್ನ ಕಂಡ್ ಅಲ್ಲ," ಗೌರೀಶ್ ಮೆಲ್ಲಗೆ ಹೇಳಿದ. "ಬರ್ದದ್ದ್ ಕೆನಡಾದ ಒಬ್ಳ್ ಹೆಂಗ್ಸ್. ಮೀನ್ ಫ್ಯಾಕ್ಟ್ರಿ ಕೆಲ್ಸದವ್ಳೇ ಅಂಬ್ರ್. ಕಾಣಿ."

ಪುಸ್ತಕ ಅವಳ ಕೈಗೆ ಬಂತು. ತೆಳ್ಳಗಿನ ಪುಸ್ತಕ, ಒರಟು ರಟ್ಟು, ನೂಲಿನಲ್ಲಿ ಹೊಲಿದ ಬೆನ್ನು. ಹಿಂಬದಿಯಲ್ಲಿ ಬರೆದವಳ ಚಿತ್ರ, ತಲೆಗೆ ಕೆಲಸದ ಬಲೆಟೊಪ್ಪಿ ಹಾಕಿದ, ನಗದ ಒಂದು ಮುಖ.

ಪೂಜಿತಾ ಕೂತಳು. ಸಿಟ್ಟು ಇಳಿದ ಜಾಗದಲ್ಲಿ ಇನ್ನೇನೋ ಏರುತ್ತಿತ್ತು... ಇಷ್ಟು ದೂರದವಳಿಗೆ ನನ್ನ ಅಮ್ಮನ ಸಂಗತಿ ಹೇಗೆ ಗೊತ್ತು?

ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನ ಏರುದಾರಿಯಲ್ಲಿ ಒಂದು ಇಕ್ಕಟ್ಟಿನ ಅಂಗಡಿ ಇದೆಯಂತೆ. ಸಣ್ಣ ಪ್ರಕಾಶಕರ ಪುಸ್ತಕ ಬಿಟ್ಟರೆ ಅಲ್ಲಿ ಬೇರೇನೂ ಇಡುವುದಿಲ್ಲವಂತೆ. ಮೂರ್ನಾಲ್ಕು ಜನ ಸೇರಿ, ಊಟದ ಮೇಜಿನ ಮೇಲೆಯೇ ಹಾಳೆ ಮಡಚಿ ಹೊಲಿದು ತರುವ ಪುಸ್ತಕಗಳು. ಹಡಗು ನಿಂತಾಗಲೆಲ್ಲ ಗೌರೀಶ್ ಅಲ್ಲಿಗೆ ಓಡುತ್ತಿದ್ದ. ಉತ್ತರದ ಸರೋವರದ ದಂಡೆಯಿಂದ ಎಬ್ಬಿಸಿ ಕಳಿಸಲ್ಪಟ್ಟ ಮೂಲನಿವಾಸಿಯ ನೆನಪುಗಳು, ಮರದ ಮಿಲ್ಲಿನಲ್ಲಿ ಬೆರಳು ಕಳೆದುಕೊಂಡ ಪಂಜಾಬಿಯ ಮಗಳು ಬರೆದ ಕತೆಗಳು, ಎಲ್ಲವೂ ಅವನ ಚೀಲದಲ್ಲಿ ಕುಂದಾಪುರ ಸೇರಿದವು.

ದೊಡ್ಡ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಗೆದ್ದವರ ಮುಖಗಳು ಸಾಲಾಗಿ ನಗುತ್ತಿರುತ್ತವೆ. ಮೀನು ಕೊಯ್ದ ಕೈ ಬರೆದದ್ದನ್ನು ಅಚ್ಚು ಹಾಕಬೇಕಾದರೆ ಅಂಥದೇ ಇನ್ನೊಂದು ಕೈ ಮುಂದೆ ಬರಬೇಕು. ಕೆಳಗಿನ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಮದುವೆ ಕಾಗದ ಜೋಡಿಸುತ್ತಿದ್ದ ಪೂಜಿತಾಳಿಗೆ ಈ ಮಾತು ರಾತ್ರಿ ಹಗಲು ಕಾಡತೊಡಗಿತು. ಮೀನಿನ ಫ್ಯಾಕ್ಟರಿಯವಳ ಕವಿತೆಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದಳು. ಗೌರೀಶ್ ರಜೆಗೆ ಬಂದಾಗಲೆಲ್ಲ ಇಬ್ಬರೂ ಕೋಡಿಯ ಲೈಟ್‌ಹೌಸಿನ ಹತ್ತಿರ ಕೂತು ಒಂದು ಸಾಲಿಗಾಗಿ ಜಗಳಾಡುತ್ತಿದ್ದರು. ಜಗಳ ಮುಗಿದ ಮೇಲೂ ಏಳುತ್ತಿರಲಿಲ್ಲ.

ಎರಡು ಸಾವಿರದ ಎಂಟರ ರಜೆಯ ಕೊನೆಗೆ ಅವನು ಕೇಳಿಯೇಬಿಟ್ಟ. ಮದುವೆಯಾಗೋಣವೇ? ಅಪ್ಪಯ್ಯ ಒಪ್ಪಲಿಕ್ಕಿಲ್ಲ, ಮೀನಿನವರ ಮನೆಯ ಹುಡುಗಿ ಎಂದು ಕುಣಿದಾಡುತ್ತಾರೆ, ಆದರೂ ಹೆದರುವವನು ತಾನಲ್ಲ ಎಂದ. ಅಮ್ಮನನ್ನು ಕೇಳಿ, ನೀವು ಹೊರಡುವುದರೊಳಗೆ ಹೇಳುತ್ತೇನೆ ಎಂದಳು ಅವಳು.

ವನಜ ಬಾಯಿ ಬಿಟ್ಟದ್ದು ಅವನು ಹೊರಡುವ ದಿನ ಬೆಳಿಗ್ಗೆ. "ಅವ್ರ್ ಮನಿಯರ್ ನಿನ್ನ ಅಡ್ಗಿ ಕೋಣಿಗೆ ಸೇರ್ಸ್ಕಂತ್ರೋ ಇಲ್ಯೋ, ಅವ ಹಡ್ಗದಲ್ ಎಲ್ರಿಗೂ ಬೇಯ್ಸಿ ಹಾಕ್ತ ಅಲ್ದಾ? ನಿಂಗೂ ಹಾಕ್ತ. ಹೋಗ್, ಹೂಂ ಅನ್."

ಪೂಜಿತಾ ಓಡಿದಳು. ಬಸ್ಸು ನಿಲ್ಲುವ ದಾರಿಯಲ್ಲಿ ಹೆಗಲ ಮೇಲೆ ಚೀಲ ಹೊತ್ತ ಅವನ ಬೆನ್ನು ಕಂಡಿತು. ಅವಳ ಚಪ್ಪಲಿಯ ಸದ್ದಿಗೆ ಅವನ ನಡಿಗೆ ನಿಧಾನವಾಯಿತು. ಒಂದು ಕೂಗು ಸಾಕಿತ್ತು.

ಆದರೆ ಕೂಗಲು ತೆರೆದ ಬಾಯಿಗೆ ಅಪ್ಪನ ನೆನಪು ಅಡ್ಡ ಬಂತು...

ಅವಳು ಚಿಕ್ಕವಳಿದ್ದಾಗ ಅಪ್ಪ ಎಲೆಯಡಿಕೆ ಸಂಚಿ ಮರೆತು ದೋಣಿಗೆ ಹೊರಟಿದ್ದ. "ಅಪ್ಪಾ, ಸಂಚಿ!" ಎಂದು ಹಿಂದಿನಿಂದ ಕರೆದಿದ್ದಳು. ಅವನು ನಗುತ್ತಾ ತಿರುಗಿ ಬಂದು ಸಂಚಿ ತೆಗೆದುಕೊಂಡು ಹೋಗಿದ್ದ. ದೋಣಿ ಮರಳಲಿಲ್ಲ. ಕಡಲಿಗೆ ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂಬುದು ಕೋಡಿಯ ಮಕ್ಕಳಿಗೂ ಗೊತ್ತು. ಆ ಮಗುವನ್ನು ಯಾರೂ ಬೈಯಲಿಲ್ಲ. ಆದರೆ ಎಲ್ಲರೂ ನೋಡಿದರು.

ಬಳಗದಲ್ಲಿ ಮೂಢನಂಬಿಕೆಯ ವಿರುದ್ಧ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದ ಪೂಜಿತಾ ಅಂದು ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ಹೊರಟ ಬಸ್ಸಿನ ಕಿಟಕಿಯಿಂದ ಅವನು ಅವಳನ್ನು ನೋಡಿದ, ಬಸ್ಸು ಹೋಯಿತು.

ಸಾಲಿಗ್ರಾಮದ ಹುಡುಗನಿಗೆ ಕೋಡಿಯ ಈ ಕಟ್ಟಳೆ ಗೊತ್ತಿರಲಿಲ್ಲ. ಬಂದು, ನಿಂತು, ಮಾತಾಡದೆ ಇದ್ದಳು. ಅಂದರೆ ಆಗುವುದಿಲ್ಲ ಅಂತ. ಅವನು ತಿಳಿದದ್ದು ಅಷ್ಟು.

ಅವನು ಬಂದಾಗ ಎದುರಿಗೇ ಹೂಂ ಅಂದರಾಯಿತು ಎಂದು ಅವಳು ಕಾದಳು. ಮುಂದಿನ ರಜೆಗೆ ಅವನು ಬರಲಿಲ್ಲ. ಪುಸ್ತಕಗಳ ಕಟ್ಟು ಮಾತ್ರ ಬಂತು, ಮೇಲೆ ಬಳಗದ ಹೆಸರು. ತನ್ನ ಹೆಸರಿಗಾಗಿ ಅವಳು ಕಟ್ಟನ್ನು ಮಗುಚಿ ಮಗುಚಿ ನೋಡಿದಳು. ಅಪ್ಪನ ಮಾತಿಗೆ ಮಣಿದನೇ? ನನ್ನ ಪಕ್ಕದಿಂದ ಇವನೂ ಸರಿದು ಕೂತನೇ? ಅಭಿಮಾನ ಅವಳನ್ನು ಬರೆಯಗೊಡಲಿಲ್ಲ. ಹೊಸ ಪುಸ್ತಕ ತೆರೆದಾಗ ಮಾತ್ರ ಮೊದಲು ಮೂಗಿಗೆ ಹಿಡಿಯುತ್ತಿದ್ದಳು. ಹಡಗಿನ ಎಣ್ಣೆ, ಒಗ್ಗರಣೆ... ಅವನಿದ್ದ ವಾಸನೆ.

ಹೀಗೇ ವರ್ಷಗಳು ಕಳೆದವು. ಅವಳ ಅನುವಾದವನ್ನು ಯಾವ ಪ್ರಕಾಶಕರೂ ಮುಟ್ಟಲಿಲ್ಲ. ಎಲ್ಲೋ ದೂರದ ದೇಶದ, ಯಾರೂ ಹೆಸರು ಕೇಳದ ಹೆಂಗಸು, ಯಾರು ಕೊಳ್ಳುತ್ತಾರೆ ಎಂದರು. ಹಾಗಾದರೆ ನಾವೇ ಹೊಲಿಯುತ್ತೇವೆ ಎಂದಳು ಪೂಜಿತಾ. ಬಳಗದ ಹಿರಿಯರಾದ ಚಂದಯ್ಯ ಮೇಷ್ಟ್ರು ಸೂಜಿಗೆ ದಾರ ಪೋಣಿಸಲಾಗದೆ ಬೈದುಕೊಳ್ಳುತ್ತಾ ಕೂತರು. ಮೀನು ಮಾರಿ ಬಂದ ವನಜಳೂ ಕೂತಳು. ಬಲೆ ಹೆಣೆದ ಕೈಗೆ ಪುಸ್ತಕ ಹೊಲಿಯುವುದು ಕಷ್ಟವಾಗಲಿಲ್ಲ.

ಬಿಡುಗಡೆಯ ದಿನ, ಅದೇ ಮಹಡಿ. ಪೂಜಿತಾ ಕೊನೆಯ ಕವಿತೆ ಓದಿದಳು. ಗಂಡ ಕಡಲಿಗೆ ಹೊರಟ ದಿನ ಹೆಂಡತಿ ಬಟ್ಟೆ ಒಗೆಯುವುದಿಲ್ಲ. ಒಗೆದರೆ ಅಲೆ ಅವನನ್ನು ತೊಳೆದುಕೊಂಡು ಹೋಗುತ್ತದೆ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಅಲ್ಲೂ ಮೂಢನಂಬಿಕೆಯಾ, ಮಾರಾಯ್ರೆ?"

ಅವಳು ಪುಸ್ತಕ ಮುಚ್ಚಿದಳು. ಇಷ್ಟು ವರ್ಷ ಯಾರಿಗೂ ಹೇಳದ್ದು ತಾನಾಗಿ ಹೊರಗೆ ಬಂತು. ಅಪ್ಪನ ಸಂಚಿಯ ಕತೆ ಹೇಳಿದಳು. ಮತ್ತೆ, ತಗ್ಗಿದ ದನಿಯಲ್ಲಿ, "ಅದೆಲ್ಲ ಸುಳ್ಳ್ ಅಂತ ನಂಗೊತ್ತಿತ್ತ್. ಆದ್ರೂ ಒಬ್ರ್ ಹಡ್ಗಿಗ್ ಹೊರ್ಟಾಗ ನಂಗೆ ಹಿಂದಿಂದ ಕರೂಕ್ ಆಯ್ಲಿಲ್ಲೆ. ಹೂಂ ಅಂಬುಕೇ ಓಡ್ ಬಂದಿದ್ದೆ. ಅವ್ರ್ ಹೋದ್ರೂ ಅಡ್ಡಿಲ್ಲೆ, ಜೀವದಲ್ ಇರ್ಲಿ ಅಂದ್ಕಂಡೆ."

ತಲೆಯೆತ್ತಿದಾಗ ಬಾಗಿಲಲ್ಲಿ ಅವನು ನಿಂತಿದ್ದ! ಗೌರೀಶ್... ಕೆನ್ನೆಯ ಗಡ್ಡದಲ್ಲಿ ಚೂರು ನರೆ, ಹೆಗಲಲ್ಲಿ ಅದೇ ಚೀಲ. ಚಂದಯ್ಯ ಮೇಷ್ಟ್ರು ಅವನನ್ನು ಗುಟ್ಟಾಗಿ ಕರೆಸಿದ್ದರು. ಕಣ್ಣು ತುಂಬಿದ್ದನ್ನು ಅಷ್ಟು ಜನರ ಮುಂದೆ ತೋರಿಸಲಾರದೆ ಅವನು ತಿರುಗಿ ಮೆಟ್ಟಿಲಿಳಿಯತೊಡಗಿದ.

ಮತ್ತೆ ಆ ಬೆನ್ನು. ಮತ್ತೆ ಅದೇ ಹೆದರಿಕೆ.

ಅಂದು ತಲೆಗೆ ಹೊಳೆಯದ್ದು ಇಂದು ಕಾಲಿಗೆ ಹೊಳೆಯಿತು. ಪೂಜಿತಾ ಓಡಿದಳು. ಮೆಟ್ಟಿಲಲ್ಲಿ ಅವನ ತೋಳು ತಾಗಿಸಿಕೊಂಡೇ ದಾಟಿ, ಕೆಳಗೆ ಬೀದಿಯಲ್ಲಿ ಅವನಿಗೆ ಎದುರಾಗಿ ನಿಂತಳು.

"ಗೌರೀಶ."

ಬರೀ ಹೆಸರು. ಮೊದಲ ಸಲ.

ಅವನು ಕಣ್ಣೊರೆಸಿಕೊಂಡ. "ಹೆಣ್ಣೇ, ನಾ ಕಡ್ಲಿಗ್ ಹೊರ್ಟದ್ದಲ್ಲ. ಚಾ ಕುಡೂಕೆ ಹೊರ್ಟದ್ದ್."

ಅವಳಿಗೆ ನಗು ಅಳು ಒಟ್ಟಿಗೇ ಬಂತು. "ನಿಮ್ಮ್ ಅಪ್ಪಯ್ಯ?"

"ಬಾಗ್ಲ್ ಇನ್ನೂ ತೆಗಿಲಿಲ್ಲೆ. ಇನ್ ಮೇಲೆ ಇಬ್ರೂ ಸೇರಿ ತಟ್ಟುವ." ಅವನು ಅವಳ ಕೈ ಹಿಡಿದ. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. "ಮುಂದಿನ್ ಸಲ ನಾ ಹಡ್ಗಿಗ್ ಹೊರ್ಡುವಾಗ ಎಂತ ಮಾಡ್ತೆ?"

"ಹೀಂಗೇ ಎದ್ರ್ ಬಂದ್ ನಿಲ್ತೆ. ಹೆಸ್ರ್ ಹಿಡ್ದ್ ಕರೀತೆ."

"ಮತ್ತೆ?"

ಪೂಜಿತಾ ಅವನ ಹೆಗಲಿನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಪುಸ್ತಕಗಳ ಭಾರ ಅವಳಿಗೆ ಗೊತ್ತಿದ್ದದ್ದೇ.

"ಮತ್ತೆ... ಹೋಯ್ ಬನ್ನಿ ಅಂತ ಹೇಳ್ತೆ."