ಹದಿನಾರರ ಮುಂದೆ ನಲವತ್ತೊಂಬತ್ತು

“ಹದಿನಾರರ ಮುಂದೆ ನಲವತ್ತೊಂಬತ್ತು ಬರುತ್ತಾ? ಯಾವ ಸ್ಕೂಲಲ್ಲಿ ಹೇಳ್ಕೊಡ್ತಾರೆ ಈ ಲೆಕ್ಕ?”

ಶಾಲೆಯ ವಾರ್ಷಿಕ ಸಂಚಿಕೆಯನ್ನು ಅತ್ತೆ ಅಗಲವಾಗಿ ತೆರೆದು ಮಕ್ಕಳಿಬ್ಬರ ಮುಂದೆ ಹಿಡಿದರು. ಎಡಗಡೆ ಹದಿನಾರನೆಯ ಪುಟ, ಬಲಗಡೆ ನಲವತ್ತೊಂಬತ್ತನೆಯದು. ಮೇಷ್ಟರು ವಾಪಸು ತಂದು ಇಳಿಸಿಹೋದ ಪುಸ್ತಕಗಳ ಕಟ್ಟು ಬೈಂಡಿಂಗ್ ಅಂಗಡಿಯ ಹೊಸ್ತಿಲ ಮೇಲೆಯೇ ಕುಳಿತಿತ್ತು. ಅದರಲ್ಲಿ ಅರ್ಧದಷ್ಟು ಪುಸ್ತಕಗಳು ಹೀಗೆಯೇ ಕೆಟ್ಟಿದ್ದವು. ವಾರ್ಷಿಕೋತ್ಸವ ಹತ್ತಿರ ಬಂದಿತ್ತು.

ಗೋಂದು ನೆಲ ನೋಡಿದ. ಸ್ಕೂಲು ಬಿಟ್ಟೊಡನೆ ಅತ್ತೆಯ ಅಂಗಡಿಗೆ ಬಂದು ಅಂಟಿಕೊಳ್ಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಗೋಂದು. ಪಕ್ಕದಲ್ಲಿ ನಿಂತವಳು ಅವನ ಕ್ಲಾಸಿನ ಗೆಳತಿ ಕಡ್ಡಿ. ಗಾಳಿ ಬೀಸಿದರೆ ಹಾರಿಹೋಗುವಷ್ಟು ತೆಳ್ಳಗೆ. ಮಾತು ಮಾತ್ರ ದಪ್ಪ. ಪುಸ್ತಕ ಕಟ್ಟುವುದನ್ನು ಕಲಿಯಬೇಕೆಂದು ಅವಳು ಈಚೆಗಷ್ಟೇ ಅಂಗಡಿಗೆ ಬರತೊಡಗಿದ್ದಳು.

ಅಲ್ಲಿಯ ಕೆಲಸಕ್ಕೆ ಒಂದು ಕ್ರಮವಿತ್ತು. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟಗಳ ಒಂದು ಫಾರಂ ಆಗುತ್ತದೆ. ಸಂಚಿಕೆಗೆ ನಾಲ್ಕು ಫಾರಂ; ದೊಡ್ಡ ಮೇಜಿನ ನಾಲ್ಕು ಮೂಲೆಗಳಲ್ಲಿ ಅವುಗಳ ನಾಲ್ಕು ರಾಶಿ. ಗಡಿಯಾರದ ಮುಳ್ಳಿನಂತೆ ಮೇಜಿನ ಸುತ್ತ ನಡೆಯಬೇಕು. ಒಂದೊಂದು ರಾಶಿಯಿಂದ ಒಂದೊಂದನ್ನು ಎತ್ತಿ, ಕೈಯಲ್ಲಿರುವುದರ ಕೆಳಗೆ ಸೇರಿಸಬೇಕು. ಒಂದು ಸುತ್ತು ಮುಗಿದರೆ ಒಂದು ಪುಸ್ತಕ.

ಹೋದ ಶನಿವಾರ ಅತ್ತೆ ಒಳಗೆ ಅಂಟು ಕಾಯಿಸುತ್ತಿದ್ದರು. ಕಡ್ಡಿಯ ಬೆನ್ನನ್ನೇ ನೋಡಿಕೊಂಡು ಸುತ್ತಿ ಸುತ್ತಿ ಗೋಂದುವಿಗೆ ಬೇಸರ ಹಿಡಿಯಿತು. ಮೊದಲ ಫಾರಂ ಎತ್ತಿಕೊಂಡವನೇ ತಿರುಗಿ ಎದುರು ದಿಕ್ಕಿಗೆ ನಡೆದ. ಈಗ ಪ್ರತಿ ಸುತ್ತಿನಲ್ಲೂ ಇಬ್ಬರೂ ಎದುರಾಗುತ್ತಿದ್ದರು. ಎದುರಾದಾಗಲೆಲ್ಲ ಅವನು ಹಣೆಯಿಂದ ಅವಳ ಹಣೆಗೆ ಮೆಲ್ಲಗೆ ಡಿಕ್ಕಿ ಹೊಡೆದು, ರೈಲಿನಂತೆ “ಕೂ...” ಎನ್ನುತ್ತಿದ್ದ.

ಕಡ್ಡಿ ನಕ್ಕಿದ್ದಳು, ನಿಜ. ಆದರೆ ಹೀಗೆ ಸುತ್ತಿದರೆ ಪುಟಗಳು ಹಿಂದುಮುಂದಾಗುತ್ತವೆ ಎಂದೂ ಹೇಳಿದ್ದಳು. ನಾಲ್ಕೂ ಕೈಗೆ ಬಂದರಾಯಿತು, ಹುಟ್ಟಿದಾಗಿನಿಂದ ಈ ಮೇಜು ಸುತ್ತುತ್ತಿರುವವನಿಗೆ ನೀನು ಪಾಠ ಹೇಳಬೇಡ ಎಂದು ಗೋಂದು ಜಂಬ ಕೊಚ್ಚಿದ್ದ.

ಈಗ ಅತ್ತೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಕಡ್ಡಿಯ ಕಡೆ ತಿರುಗಿದರು.

“ನಮ್ಮ ಹುಡುಗನಿಗೆ ಈ ಕೆಲಸ ನಿದ್ದೇಲೂ ಬರುತ್ತೆ. ನೀನು ಹೊಸಬಳು. ಗೊತ್ತಾಗದಿದ್ರೆ ಕೇಳ್ಬೇಕಿತ್ತಮ್ಮ. ಇನ್ಮೇಲೆ ಇಲ್ಲಿ ಯಾವುದಕ್ಕೂ ಕೈ ಹಾಕ್ಬೇಡ.”

ಅತ್ತೆ ವಿಚಾರಿಸಲಿಲ್ಲ, ತೀರ್ಪು ಕೊಟ್ಟರು. ತಮ್ಮ ಮನೆಯ ಮಗುವಿಗೊಂದು ಅಳತೆ, ಪಕ್ಕದ ಬೀದಿಯ ಮಗುವಿಗೆ ಇನ್ನೊಂದು ಅಳತೆ ಹಿಡಿಯುವುದು ದೊಡ್ಡವರಿಗೆ ಎಷ್ಟು ಸುಲಭ! ಕಡ್ಡಿ ಅಳಲಿಲ್ಲ, ವಾದಿಸಲೂ ಇಲ್ಲ. ಗೋಂದುವನ್ನು ನೋಡಿದಳು. ನೋಡುತ್ತಲೇ ನಿಂತಳು.

ಗೋಂದು ಉಗುರಿಗೆ ಅಂಟಿದ್ದ ಒಣ ಅಂಟನ್ನು ಕೆರೆಯುತ್ತಿದ್ದ. ಆ ಕ್ಷಣದಲ್ಲಿ ಲೋಕದಲ್ಲಿ ಅದಕ್ಕಿಂತ ಮುಖ್ಯವಾದ ಕೆಲಸವೇ ಇಲ್ಲವೆಂಬಂತೆ ಕೆರೆದ. ತಲೆ ಎತ್ತುವಷ್ಟರಲ್ಲಿ ಕಡ್ಡಿ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟುಹೋಗಿದ್ದಳು.

ಮರುದಿನ ಕ್ಲಾಸಿನಲ್ಲಿ ಅವಳು ಲಾಸ್ಟ್ ಬೆಂಚಿಗೆ ಹೋಗಿ ಕುಳಿತಳು. ಕೆಟ್ಟ ಪುಸ್ತಕವೊಂದು ಆಗಲೇ ಮಕ್ಕಳ ಕೈ ಸೇರಿತ್ತು; ಕೆಡಿಸಿದವಳು ಕಡ್ಡಿ ಎಂಬ ಸುದ್ದಿಯೂ ಅದರ ಹಿಂದೆಯೇ ಬಂದಿತ್ತು. ಅದರಲ್ಲಿ ಕಡ್ಡಿ ಬರೆದ ಕತೆಯೂ ಇತ್ತು. ಅಚ್ಚಾದ ಅವಳ ಮೊದಲ ಕತೆ ಅದು, ಕಳೆದುಹೋದ ನಾಯಿಮರಿಯೊಂದರ ಕತೆ. ಅದು ಎರಡನೆಯ ಫಾರಮ್ಮಿನ ಕೊನೆಯಲ್ಲಿ ಶುರುವಾಗಿ ಮೂರನೆಯದರಲ್ಲಿ ಮುಗಿಯಬೇಕಿತ್ತು. ಈ ಪುಸ್ತಕದಲ್ಲಿ ಮೊದಲು ಮುಗಿದು, ಆಮೇಲೆ ಶುರುವಾಗುತ್ತಿತ್ತು.

“ಇವಳ ನಾಯಿ ಮೊದಲು ಸಿಕ್ತಂತೆ, ಆಮೇಲೆ ಕಳೆದುಹೋಯ್ತಂತೆ,” ಎಂದ ಮುಂದಿನ ಬೆಂಚಿನ ಕನ್ನಡಕದ ಹುಡುಗ. “ತನ್ನ ಕತೇನ ತಾನೇ ಕೆಡಿಸ್ಕೊಂಡ್ಲು.”

ಕ್ಲಾಸೇ ನಕ್ಕಿತು. ಬೇರೆ ದಿನವಾಗಿದ್ದರೆ ಒಂದಕ್ಕೆರಡು ಉತ್ತರ ಕೊಡುತ್ತಿದ್ದ ಕಡ್ಡಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಬೆಲ್ ಹೊಡೆದ ಮೇಲೆ ಗೋಂದು ತನ್ನ ಹೊಸ ಸ್ಕೆಚ್ ಪೆನ್ನುಗಳ ಪೂರ್ತಿ ಪ್ಯಾಕೆಟ್ಟನ್ನೇ ಅವಳ ಮುಂದಿಟ್ಟ. ಅವಳು ಅದನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದಳು.

“ನಂಗೆ ಪೆನ್ ಬೇಡ.”

ಹಾಗಾದರೆ ಏನು ಬೇಕು ಎಂದು ಗೋಂದು ಕೇಳಲಿಲ್ಲ. ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಆ ಸಂಜೆ ಅಂಗಡಿಯಲ್ಲಿ ಕಟ್ಟಿದ್ದನ್ನು ಬಿಚ್ಚುವ ಕೆಲಸ ನಡೆದಿತ್ತು. ಅತ್ತೆ ಒದ್ದೆ ಬಟ್ಟೆ ಒತ್ತಿ ಅಂಟು ಸಡಿಲಿಸಿ, ಹೊದಿಕೆ ಹರಿಯದಂತೆ ಬಿಡಿಸುತ್ತಿದ್ದರು. ಬ್ಲೇಡಿನಿಂದ ಹೊಲಿಗೆ ಕತ್ತರಿಸುತ್ತಿದ್ದರು. ತುಂಡಾದ ದಾರಗಳನ್ನು ಎಳೆದು ತೆಗೆಯುವುದು ಗೋಂದುವಿನ ಪಾಲಿಗೆ ಬಂದಿತ್ತು. ದಾರ ಬಂದ ಜಾಗದಲ್ಲೆಲ್ಲ ಸೂಜಿಯ ತೂತು ಹಾಗೆಯೇ ಉಳಿಯುತ್ತಿತ್ತು. ಬೆರಳಿನಿಂದ ಒತ್ತಿ ನೋಡಿದ. ಮುಚ್ಚಲಿಲ್ಲ.

ಪಟಪಟನೆ ಮಾತಾಡುವ ಆ ಹುಡುಗಿ ಬಾರದೆ ಅಂಗಡಿ ಬಿಕೋ ಎನ್ನುತ್ತಿದೆ ಎಂದು ಅತ್ತೆ ತಮ್ಮಷ್ಟಕ್ಕೇ ಗೊಣಗಿಕೊಂಡರು. ಗೋಂದುವಿನ ಕೈ ನಿಂತಿತು.

“ಅತ್ತೆ, ಉಲ್ಟಾ ಸುತ್ತಿದ್ದು ನಾನು.”

ಬ್ಲೇಡು ಅರ್ಧಕ್ಕೇ ನಿಂತಿತು. ಅವನು ಎಲ್ಲವನ್ನೂ ಹೇಳಿದ. ರೈಲಿನ ಆಟ, ಹಣೆಯ ಡಿಕ್ಕಿ, ಕಡ್ಡಿ ಬೇಡವೆಂದದ್ದು, ತಾನು ಜಂಬ ಕೊಚ್ಚಿದ್ದು, ಒಂದನ್ನೂ ಬಿಡಲಿಲ್ಲ. ಅತ್ತೆ ನಡುವೆ ಬಾಯಿ ಹಾಕದೆ ಕೇಳಿದರು.

“ಅವಳ ಎದುರಿಗೇ ಯಾಕೆ ಹೇಳ್ಲಿಲ್ಲ?”

“ನಂಗೆ ಕೆಲಸ ನಿದ್ದೇಲೂ ಬರುತ್ತೆ ಅಂದ್ರಲ್ಲ ನೀವು. ಅದು ಸುಳ್ಳಾಗ್ಬಿಡುತ್ತಲ್ಲ ಅಂತ...”

ಅತ್ತೆ ಇನ್ನೂ ಬಿಚ್ಚದ ಒಂದು ಪುಸ್ತಕದ ಹೊದಿಕೆ ತೆಗೆದು ಅದರ ಬೆನ್ನನ್ನು ಅವನಿಗೆ ತೋರಿಸಿದರು. ಪ್ರತಿ ಫಾರಮ್ಮಿನ ಮಡಿಕೆಯ ಮೇಲೂ ಒಂದೊಂದು ಕಪ್ಪು ಗುರುತು ಅಚ್ಚಾಗಿರುತ್ತದೆ. ಕ್ರಮವಾಗಿ ಜೋಡಿಸಿದರೆ ಆ ಗುರುತುಗಳು ಮೆಟ್ಟಿಲಿನಂತೆ ಇಳಿಯುತ್ತವೆ. ಇಲ್ಲಿ ಮೊದಲನೆಯ ಮೆಟ್ಟಿಲಿನ ಪಕ್ಕದಲ್ಲೇ ಕೊನೆಯದಿತ್ತು.

“ಹೊಲಿಯೋಕೆ ಮುಂಚೆ ಈ ಮೆಟ್ಟಿಲು ನೋಡ್ಬೇಕಾದೋಳು ನಾನು. ಅವಸರದಲ್ಲಿ ನೋಡ್ಲಿಲ್ಲ. ನಿನ್ನ ಕಾಲು ತಪ್ಪಿತು, ನನ್ನ ಕಣ್ಣು ತಪ್ಪಿತು, ಬೈಸ್ಕೊಂಡೋಳು ಅವಳು.” ಅತ್ತೆ ಕೈ ಒರೆಸಿಕೊಂಡು ಎದ್ದರು. “ನಡಿ.”

ಕಡ್ಡಿಯ ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಕಡ್ಡಿ ನೀರಿನ ಟಬ್ಬಿನಲ್ಲಿ ಟ್ಯೂಬ್ ಮುಳುಗಿಸಿ, ಪಂಕ್ಚರ್ ಎಲ್ಲಿದೆಯೆಂದು ಗುಳ್ಳೆಗಳಿಗಾಗಿ ಕಾಯುತ್ತಿದ್ದಳು. ಅತ್ತೆ ನೇರವಾಗಿ ಅವಳ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕುಳಿತರು.

“ಒಂದು ಮಾತೂ ಕೇಳ್ದೆ ನಿನ್ನ ಬೈದ್ಬಿಟ್ಟೆ. ತಪ್ಪು ನಂದಮ್ಮ.”

ದೊಡ್ಡವರೊಬ್ಬರು ಮಗುವಿನ ಮುಂದೆ ಕುಳಿತು ಹೀಗೆ ಹೇಳುವುದನ್ನು ಗೋಂದು ಎಂದೂ ಕಂಡಿರಲಿಲ್ಲ. ವಿಷಯವೆಲ್ಲ ಕೇಳಿದ ಕಡ್ಡಿಯ ಅಪ್ಪ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಎಂದರು.

“ನಾನೇನು ಎಮ್ಮೆ ಥರ ಇದೀನಾಪ್ಪ?” ಎಂದಳು ಕಡ್ಡಿ.

ಅತ್ತೆ ನಕ್ಕರು, ಅಪ್ಪನೂ ನಕ್ಕರು. ಗೋಂದುವೂ ನಗಬೇಕೆಂದುಕೊಂಡ. ಅಷ್ಟರಲ್ಲಿ ಕಡ್ಡಿ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

“ಅವತ್ತೇ ನಾನು ಹೇಳ್ಬಹುದಿತ್ತು. ನೀನೇ ಹೇಳ್ತೀಯ ಅಂತ ಕಾದೆ.”

ತಪ್ಪಾಯಿತು ಎಂದು ಗೋಂದು ಹೇಳಿದ. ಆ ಮಾತು ಬಹಳ ಚಿಕ್ಕದಾಗಿ ಕೇಳಿಸಿತು. ನಾಳೆ ಅಂಗಡಿಗೆ ಬರುತ್ತೀಯಾ ಎಂದು ಕೇಳಿದ.

“ನೋಡೋಣ,” ಎಂದು ಅವಳು ಟ್ಯೂಬನ್ನು ಮತ್ತೆ ನೀರಿಗೆ ಒತ್ತಿದಳು.

ಮಾರನೆಯ ದಿನ ಕನ್ನಡಕದ ಹುಡುಗ ಮತ್ತೆ ನಾಯಿಯ ಮಾತೆತ್ತಿದ. ಗೋಂದು ಎದ್ದು ನಿಂತ. ಅವನ ಮೊಣಕಾಲು ಬೆಂಚಿಗೆ ತಾಗಿ ಸದ್ದಾಯಿತು.

“ಪುಸ್ತಕ ಕೆಡಿಸಿದ್ದು ಅವಳಲ್ಲ, ನಾನು.”

ಈಗ ಕ್ಲಾಸು ಅವನನ್ನು ನೋಡಿ ನಕ್ಕಿತು. ಬೈಂಡಿಂಗ್ ಅಂಗಡಿಯವನಿಗೆ ಒಂದು, ಎರಡು ಎಣಿಸಲು ಬರುವುದಿಲ್ಲ ಎಂದು ಯಾರೋ ಕೂಗಿದರು. ಕಿವಿ ಬೆಂಕಿಯಾಯಿತು. ಹಿಂದಕ್ಕೆ ತಿರುಗಿ ಲಾಸ್ಟ್ ಬೆಂಚನ್ನು ನೋಡುವ ಧೈರ್ಯ ಬರಲಿಲ್ಲ. ಆದರೂ ನಗು ನಿಲ್ಲುವ ತನಕ ನಿಂತೇ ಇದ್ದ.

ಸಂಜೆ ಕಡ್ಡಿ ಬಂದಳು. ತಡವಾಗಿ ಬಂದಳು, ಮಾತಾಡದೆ ಬ್ಯಾಗು ಇಳಿಸಿ ಮೇಜಿನ ಬಳಿ ನಿಂತಳು. ಬಿಚ್ಚಿದ ಫಾರಂಗಳು ಮತ್ತೆ ನಾಲ್ಕು ಮೂಲೆಗಳಲ್ಲಿ ರಾಶಿಯಾಗಿದ್ದವು. ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಹೊಲಿಯುವುದಾಗಿ ಅತ್ತೆ ಹೇಳಿದರು.

ಕಡ್ಡಿ ಮುಂದೆ, ಗೋಂದು ಹಿಂದೆ. ಒಂದು ಸುತ್ತು, ಇನ್ನೊಂದು ಸುತ್ತು. ಅವಳು ನಿಧಾನವಾಗಿ ನಡೆದರೆ ಅವನೂ ನಿಧಾನ. ಪ್ರತಿ ಸುತ್ತಿನ ಕೊನೆಯಲ್ಲೂ ಅವನು ಫಾರಂಗಳನ್ನು ತಟ್ಟಿ ಸಮಮಾಡಿ, ಬೆನ್ನಿನ ಮೆಟ್ಟಿಲು ನೋಡಿಯೇ ಅತ್ತೆಯ ಕೈಗೆ ಕೊಟ್ಟ. ಸೂಜಿ ಏರುವ, ದಾರ ಎಳೆಯುವ ಸದ್ದು ಬಿಟ್ಟರೆ ಅಂಗಡಿಯಲ್ಲಿ ಮಾತಿರಲಿಲ್ಲ.

ಕೊನೆಯ ಪುಸ್ತಕವೂ ಜೋಡಣೆಯಾಯಿತು. ಮೇಜು ಖಾಲಿಯಾಯಿತು. ಇನ್ನೇನು ಮಾಡಬೇಕೆಂದು ತೋಚದೆ ಗೋಂದು ಬರಿಗೈಯಲ್ಲಿ ಮೂಲೆಯಲ್ಲಿ ನಿಂತ.

ಆಚೆ ಮೂಲೆಯಲ್ಲಿದ್ದ ಕಡ್ಡಿ ಗಕ್ಕನೆ ಹಿಂದಕ್ಕೆ ತಿರುಗಿದಳು. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಮೇಜು ಸುತ್ತಿ ಬಂದವಳೇ ಅವನ ಹಣೆಗೆ ಹಣೆ ಡಿಕ್ಕಿ ಹೊಡೆದಳು.

“ಕೂ...”

ಗೋಂದು ಹಣೆ ಉಜ್ಜಿಕೊಂಡ. ಸ್ವಲ್ಪ ಜೋರಾಗಿಯೇ ತಾಗಿತ್ತು. ಅಷ್ಟು ಜೋರಾಗಿ ತಾಗಿದ್ದೇ ನ್ಯಾಯ ಎಂದು ಅವನಿಗೆ ಅನ್ನಿಸಿತು.