ಎಂಜಲು ನೀರು

ಅವಳ ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಗಂಡ ಮೀನುಗಳಿಗೆ ಹುಳು ಹಾಕುತ್ತಿದ್ದ. ಅವಳು ಫೋನು ಕೆಳಗಿಟ್ಟು ವಿಷಯ ಹೇಳಿದಳು. "ಅಯ್ಯೋ ಪಾಪ," ಎಂದ. ಆದರೆ ತಿರುಗಲಿಲ್ಲ. ಚಿಮಟದ ತುದಿಯಲ್ಲಿ ಒದ್ದಾಡುತ್ತಿದ್ದ ಕೆಂಪು ಹುಳುವನ್ನು ನೀರಿಗೆ ಬಿಟ್ಟು, ಮೀನು ಅದನ್ನು ಪೂರ್ತಿ ನುಂಗುವವರೆಗೂ ನೋಡಿ, ಆಮೇಲೆ ತಿರುಗಿದ. ಆ ಹೊತ್ತನ್ನು ಅವಳು ಮುಂದೆ ಎಷ್ಟೋ ಸಲ ಮನಸ್ಸಿನಲ್ಲೇ ಅಳೆದು ನೋಡಿದ್ದಾಳೆ. ಒಂದು ಮೀನು ಒಂದು ಹುಳು ನುಂಗುವಷ್ಟು ಹೊತ್ತು ಅವಳ ಅಕ್ಕ ಕಾಯಬೇಕಾಯಿತು, ಸತ್ತ ಮೇಲೂ.

ಬದುಕಿದ್ದಾಗ ಅಕ್ಕ ಕೇಳಿದ್ದು ಇವರ ಮನೆಯಲ್ಲಿ ಮೂರು ತಿಂಗಳು ಇರಲು ಜಾಗ. ಆಸ್ಪತ್ರೆ ಇವರ ಮನೆಯಿಂದ ಎರಡು ಬೀದಿ ಆಚೆ. ವಾರಕ್ಕೆರಡು ಸಲ ಚಿಕಿತ್ಸೆ. ಮನೆಯಲ್ಲಿ ಇನ್ನೊಂದು ಕೋಣೆಯೂ ಇತ್ತು, ಗೋಡೆಯ ಉದ್ದಕ್ಕೂ ಗಾಜಿನ ತೊಟ್ಟಿ ಇಟ್ಟುಕೊಂಡು.

"ಆ ರೂಮಲ್ಲಿ ಫ್ಯಾನ್ ಹಾಕೋ ಹಾಗಿಲ್ಲ, ಲೈಟ್ ಹಾಕೋ ಹಾಗಿಲ್ಲ. ಹೊಸ ಮೀನು ಈಗ ತಾನೇ ಬಂದಿದೆ, ಬೆಚ್ಚಿಬಿದ್ರೆ ಸತ್ತೇ ಹೋಗುತ್ತೆ ಕಣೇ," ಎಂದಿದ್ದ ಅವನು. "ನಿಮ್ಮಕ್ಕಂಗೆ ಹೇಳು, ಮುಂದಿನ ಸಲ ನೋಡೋಣ."

"ಮುಂದಿನ ಸಲ ಅಂದ್ರೆ ಏನ್ರೀ? ಕಾಯಿಲೆ ಏನು ವರ್ಷವರ್ಷ ಬರೋ ನೆಂಟರಾ?"

ಅವನು ನಕ್ಕಿದ್ದ, ಅವಳು ತಮಾಷೆ ಮಾಡಿದಳೆಂದುಕೊಂಡು. ಅಕ್ಕ ವಾರಕ್ಕೆರಡು ಸಲ ನಾಲ್ಕು ಗಂಟೆ ಬಸ್ಸಿನಲ್ಲಿ ಬಂದು, ನಾಲ್ಕು ಗಂಟೆ ಬಸ್ಸಿನಲ್ಲಿ ಹೋದಳು. ಹನ್ನೊಂದನೆಯ ಸಲ ಹೋಗುವಾಗ ಕಿಟಕಿಗೆ ತಲೆಯಾನಿಸಿ ಕುಳಿತವಳನ್ನು ಕೊನೆಯ ನಿಲ್ದಾಣದವರೆಗೂ ಯಾರೂ ಎಬ್ಬಿಸಲಿಲ್ಲ. ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡರಂತೆ.

ಮೀನು ನೋಡಲು ಚೆನ್ನಾಗಾದರೂ ಇದ್ದಿದ್ದರೆ! ಬೆರಳುದ್ದದ ನಾಲ್ಕು ಕಂದು ಜೀವಗಳು. ಬಚ್ಚಲ ಮೂಲೆಯ ಲೋಳೆಗೆ ಕಣ್ಣು ಬಂದ ಹಾಗೆ. ಬತ್ತಿಹೋದ ಕಲ್ಲುಕ್ವಾರಿಯೊಂದರ ತಳದ ಕೆಸರಿನಲ್ಲಿ ಯಾರೋ ಕಂಡು ತೆಗೆದದ್ದು. ಯಾವ ಪುಸ್ತಕದಲ್ಲೂ ಇಲ್ಲ, ಇನ್ನೂ ಹೆಸರಿಟ್ಟಿಲ್ಲ. ಅದು ಗೊತ್ತಾದ ದಿನದಿಂದ ನಕ್ಷೆ ಕಚೇರಿಯ ನಿವೃತ್ತ ಗುಮಾಸ್ತನಾದ ಅವಳ ಗಂಡನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನು ಮಾಡಿದ. "ಪ್ರಪಂಚದಲ್ಲಿ ಜೀವಂತ ಇರೋದು ನಮ್ಮನೇಲಿ ಮಾತ್ರ!" ಅವರು ಅವನಿಗೆ ಮೀನಪ್ಪ ಎಂದು ಹೆಸರಿಟ್ಟರು. ಅದನ್ನೂ ಅವನು ಬಿರುದು ಎಂದುಕೊಂಡ.

ಒಂದು ದಿನ ಅವಳ ಕೈ ಹಿಡಿದು ತೊಟ್ಟಿಯ ಮುಂದೆ ನಿಲ್ಲಿಸಿದ್ದ. "ಇದರ ವಿಶೇಷ ಏನು ಗೊತ್ತೇನೇ? ನೋಡು, ನೋಡು, ಈಗ ಮೇಲೆ ಬರುತ್ತೆ." ಒಂದು ಮೀನು ನೀರಿನ ಮೇಲಕ್ಕೆ ಬಂದು, ದಪ್ಪ ತುಟಿ ಹೊರಗೆ ಚಾಚಿ, ಹಲ್ಲಿಲ್ಲದ ಮುದುಕ ಬಿಸಿ ಕಾಫಿ ಹೀರಿದ ಹಾಗೆ ಸೊರ್ರೆಂದು ಸದ್ದು ಮಾಡಿ ಕೆಳಗಿಳಿಯಿತು. ಅವಳು ಮುಖ ತಿರುಗಿಸಿದಳು. ಅಡುಗೆಮನೆಗೆ ಬಂದುಬಿಟ್ಟಳು. ಅವನು ಹಿಂದೆಯೇ ಬಂದು ಏನೋ ವಿವರಿಸುತ್ತಲೇ ಇದ್ದ. ಅವಳು ಮಿಕ್ಸಿ ಹಾಕಿದಳು.

ಆ ಮನೆಯಲ್ಲಿ ಹೇಸಿಗೆಗೆ ಮೂಲೆಗಳ ಕೊರತೆಯಿರಲಿಲ್ಲ. ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ತೂತು ಕೊರೆದ ಡಬ್ಬಿ. ಅದರಲ್ಲಿ ಒಂದಕ್ಕೊಂದು ಸುತ್ತಿಕೊಂಡ ಹುಳುಗಳು, ಮುಚ್ಚಳ ತೆಗೆದರೆ ಒಟ್ಟಿಗೆ ನಡುಗುವಂಥವು. ಮೇಲಿನ ಖಾನೆಯಲ್ಲಿ, ಮಂಜುಗಡ್ಡೆಯ ತಟ್ಟೆಯ ಹಿಂದೆ, ಹಿಂದೆ ಸತ್ತ ಮೀನುಗಳು ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಚೀಲಗಳಲ್ಲಿ, ಮೇಲೆ ತಾರೀಖು ಬರೆದು. ಮೀನಿಗೆ ಹೆಸರಿಡಲಿರುವ ಕಾಲೇಜಿನ ಪ್ರಾಧ್ಯಾಪಕಿಯ ಆಜ್ಞೆ ಅದು: ಯಾವ ಮೀನು ಸತ್ತರೂ ಎಸೆಯಬಾರದು, ಯಾಕೆ ಸತ್ತಿತೆಂದು ತಿಳಿಯಬೇಕು. ಇನ್ನು ವಾಸನೆ. ಮೀನುಗಳಿಗೆ ಒಗ್ಗುವಂತೆ ನೀರು ಕಪ್ಪಗೆ ಕಹಿಯಾಗಲೆಂದು ಅವನು ಒಣಗಿದ ಎಲೆ ನೆನೆಹಾಕುತ್ತಿದ್ದ. ಅದು ಕೊಳೆತು ಮನೆಯಿಡೀ ಒದ್ದೆ ಗೋಣಿಯ ನಾತ. ಅವನಿಗೆ ಗೊತ್ತಾಗುತ್ತಿರಲಿಲ್ಲ. ಮೂರು ವರ್ಷದ ಹಿಂದಿನ ಜ್ವರದಲ್ಲಿ ಮೂಗು ಸತ್ತುಹೋಗಿತ್ತು.

ಎಲ್ಲಕ್ಕಿಂತ ಅಸಹ್ಯ ಭಾನುವಾರ ಬೆಳಿಗ್ಗೆಯದು. ತೊಟ್ಟಿಯ ಹಳೆ ನೀರು ತೆಗೆಯುವ ದಿನ. ಪಂಪು ಆರಿಸಿ, ರಬ್ಬರ್ ಪೈಪಿನ ಒಂದು ತುದಿಯನ್ನು ನೀರಿಗೆ ಬಿಟ್ಟು, ಇನ್ನೊಂದನ್ನು ಬಾಯಿಗಿಟ್ಟು ಹೀರುತ್ತಿದ್ದ. ನೀರು ಏರಿ ಬಂದ ಮೇಲೆ ಪೈಪನ್ನು ಬಕೆಟ್ಟಿಗೆ ಇಳಿಬಿಟ್ಟರೆ ತನ್ನಷ್ಟಕ್ಕೆ ಹರಿಯುತ್ತದೆ. ಆದರೆ ಮೊದಲ ಸಲ ಯಾವತ್ತೂ ಸರಿಯಾಗುತ್ತಿರಲಿಲ್ಲ. ಬಾಯ್ತುಂಬ ನೀರು ಬಂದು, ಅರ್ಧ ನುಂಗಿ, ನೆತ್ತಿಗೇರಿ, ಪೈಪಿನೊಳಕ್ಕೇ ಕೆಮ್ಮುತ್ತಿದ್ದ. ಎಂಜಲು ನೀರು ಗೊಳಗೊಳ ಎಂದು ತೊಟ್ಟಿಗೇ ವಾಪಸ್ಸು. ಆಮೇಲೆ ಬಾಯಿ ಒರೆಸಿಕೊಂಡು ಎರಡನೆಯ ಸಲ ಹೀರುತ್ತಿದ್ದ. "ಪ್ರಪಂಚದಲ್ಲಿ ನಾಲ್ಕೇ ಇರೋ ಮೀನಿಗೆ ನಿಮ್ಮ ಎಂಜಲು ಕುಡಿಸ್ತೀರಲ್ರೀ," ಎಂದು ಒಮ್ಮೆ ಹೇಳಿದ್ದಳು. "ಅದರ ಎಂಜಲು ನಾನು ಕುಡೀತಿಲ್ವಾ? ಲೆಕ್ಕ ಸರಿಹೋಯ್ತು," ಎಂದಿದ್ದ, ಕಂದು ಹಲ್ಲು ತೋರಿಸಿ.

ಯೋಚನೆ ಬಂದದ್ದು ಅಕ್ಕನ ಬಟ್ಟೆಗಳನ್ನು ಮಡಿಸಿಡುವಾಗ. ಎಲ್ಲಿಂದಲೋ ಬಂದಂತೆ ಬರಲಿಲ್ಲ. ಬಹಳ ದಿನದಿಂದ ಬಾಗಿಲ ಹೊರಗೆ ನಿಂತು, ಕರೆಯಲೆಂದು ಕಾದಿದ್ದಂತೆ ಬಂತು. ಅವನು ವಾರಕ್ಕೊಮ್ಮೆ, ತಾನಾಗಿ, ಯಾರ ಒತ್ತಾಯವೂ ಇಲ್ಲದೆ, ಒಂದು ಪೈಪಿನ ಬಾಯಿಗೆ ಬಾಯಿಡುತ್ತಾನೆ. ಮೂಗಿಲ್ಲ, ವಾಸನೆ ತಿಳಿಯದು. ನೀರೇ ಕಹಿ, ಇನ್ನಷ್ಟು ಕಹಿಯಾದರೆ ತಪ್ಪನ್ನು ಎಲೆಯ ಮೇಲೆ ಹಾಕುತ್ತಾನೆ.

ಅವಳು ಕೆಲಸ ಮಾಡುತ್ತಿದ್ದದ್ದು ಗಿಡಗಳನ್ನು ಮಾರುವ ನರ್ಸರಿಯಲ್ಲಿ. ಹಿಂದಿನ ಶೆಡ್ಡಿನ ಮೇಲಟ್ಟದಲ್ಲಿ, ಈಗ ಮಾರಬಾರದೆಂದು ಮೂಲೆಗೆ ತಳ್ಳಿದ್ದ ಹುಳದ ಔಷಧಿಯ ಬಾಟಲಿಗಳಿದ್ದವು. ಅವುಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಎಣಿಸುವ ಕೆಲಸ ಅವಳದೇ. ಒಂದರಿಂದ ಸ್ವಲ್ಪವನ್ನು ಕಣ್ಣಿನ ಹನಿಯ ಖಾಲಿ ಶೀಸೆಗೆ ಸುರಿದುಕೊಂಡು, ಮುಚ್ಚಳ ಮತ್ತೆ ಬಿಗಿದು, ಧೂಳು ಕೆದಕದೆ ಇದ್ದಲ್ಲೇ ಇಟ್ಟಳು. ಕೈಗವಸು ಹಾಕಿದ್ದಳು, ಅಲ್ಲಿ ಎಲ್ಲರೂ ಹಾಕುತ್ತಿದ್ದರು.

ಉಳಿದದ್ದು ಡಾಕ್ಟರು. ಕೆಳಗಿನ ಮನೆಯಲ್ಲೇ ಇದ್ದರು. ಗಂಡನ ಹೃದಯಕ್ಕೆ ಎರಡು ವರ್ಷದಿಂದ ಅವರದೇ ಮಾತ್ರೆ. ಬಕೆಟ್ಟು ಎತ್ತಬೇಡಿ ಎಂದು ಅವರು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಬಕೆಟ್ಟಿನ ಪಕ್ಕ ಬಿದ್ದ ಹೃದ್ರೋಗಿಯನ್ನು ಕಂಡು ಅವರು ಆಶ್ಚರ್ಯಪಡುವುದಿಲ್ಲ. ತಮ್ಮ ಮಾತು ನಿಜವಾಯಿತೆಂದು, ದುಃಖದ ನಡುವೆಯೂ, ಸ್ವಲ್ಪ ಸಮಾಧಾನಪಡುತ್ತಾರೆ. ಮನುಷ್ಯರನ್ನು ನಂಬಿಸಲು ಅವರು ಮೊದಲೇ ನಂಬಿದ್ದನ್ನು ಎದುರಿಗಿಟ್ಟರೆ ಸಾಕು.

ಶನಿವಾರ ಸಂಜೆ ಅವನು ವಾಕಿಂಗಿಗೆ ಹೋದಾಗ ಅವಳು ಆ ಕೋಣೆಗೆ ಹೋದಳು. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಪೈಪು ಮೊಳೆಗೆ ಸುರುಳಿ ಸುತ್ತಿ ತೂಗುಬಿದ್ದಿತ್ತು. ಬಾಯಿಗಿಡುವ ತುದಿ ಯಾವುದೆಂದು ಕೇಳಬೇಕಾಗಿರಲಿಲ್ಲ, ಹಲ್ಲಿನ ಗುರುತಿತ್ತು. ಒಳಮೈಗೆ ಔಷಧಿ ಸವರಿ, ಆ ತುದಿಯನ್ನು ಮೇಲ್ಮುಖ ಮಾಡಿ ತೂಗುಹಾಕಿದಳು. ಕಪ್ಪು ನೀರಿನೊಳಗಿನಿಂದ ನಾಲ್ಕು ಮೀನೂ ನೋಡುತ್ತಿದ್ದವು. "ಏನು ನೋಡ್ತೀರಾ, ದರಿದ್ರಗಳಾ," ಎಂದು ಮೆಲ್ಲಗೆ ಬೈದಳು.

ಭಾನುವಾರ ಅವಳು ಪಾತ್ರೆ ತೊಳೆಯುತ್ತಿದ್ದಳು. ಪಂಪಿನ ಗುಂಯ್ ನಿಂತಿತು. ಹೀರಿದ ಸದ್ದು. ಕೆಮ್ಮು. ಗೊಳಗೊಳ. ಎಂದಿನಂತೆಯೇ. "ಥೂ, ಇವತ್ತು ಎಲೆ ಜಾಸ್ತಿಯಾಯ್ತು," ಎಂದು ಅವನು ಗೊಣಗಿದ್ದು ಕೇಳಿಸಿತು. ಮತ್ತೆ ಹೀರಿದ. ಸ್ವಲ್ಪ ಹೊತ್ತು ನೀರು ಬಕೆಟ್ಟಿಗೆ ಬೀಳುವ ಸದ್ದು ಮಾತ್ರ. ಆಮೇಲೆ ಸ್ಟೂಲು ಉರುಳಿತು. ಒಂದು ಸಲ ಅವಳ ಹೆಸರು ಹಿಡಿದು ಕರೆದ. ಅವಳಿಗೆ ಇನ್ನೂ ಆರು ತಟ್ಟೆ ತೊಳೆಯುವುದಿತ್ತು, ತೊಳೆದಳು. ಕೈ ಒರೆಸಿಕೊಂಡು ಹೋದಾಗ ಬಕೆಟ್ಟು ತುಂಬಿ ನೆಲಕ್ಕೆ ಹರಿಯುತ್ತಿತ್ತು.

ಅವನ ಮುಖವನ್ನೂ ಬಾಯನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಚೊಕ್ಕ ಮಾಡಿದಳು. ಪೈಪನ್ನು ಸೋಪು ಹಾಕಿ ಮೂರು ಸಲ ತೊಳೆದು ಮೊಳೆಗೆ ಸಿಕ್ಕಿಸಿದಳು. ಬಕೆಟ್ಟನ್ನು ಬಚ್ಚಲಿಗೆ ಸುರಿದು, ತೊಳೆದು, ನಲ್ಲಿಯ ನೀರು ತುಂಬಿ ಅವನ ಪಕ್ಕಕ್ಕೆ ತಂದಿಟ್ಟಳು. ನೆಲ ಒರೆಸಿದಳು. ತೊಟ್ಟಿಯನ್ನು ಮುಟ್ಟಲಿಲ್ಲ. ಅದನ್ನು ಅವಳು ಎಂದೂ ಮುಟ್ಟಿದವಳಲ್ಲ. ಆ ನೀರಿಗೆ ಕೈ ಹಾಕುವುದೆಂದರೆ ಅವಳಿಗೆ ವಾಕರಿಕೆ. ಆಮೇಲೆ ಮೆಟ್ಟಿಲಿಗೆ ಓಡಿ, "ಡಾಕ್ಟ್ರೇ!" ಎಂದು ಕೂಗಿದಳು. ಆ ಕೂಗು ತನಗೇ ನಿಜವೆನ್ನಿಸಿ ಬೆಚ್ಚಿದಳು.

"ಬಕೆಟ್ ಎತ್ತಬೇಡಿ ಅಂತ ಬಡ್ಕೊಂಡೆನಲ್ಲಮ್ಮ," ಎಂದರು ಡಾಕ್ಟರು, ಅವನ ಮಣಿಕಟ್ಟು ಹಿಡಿದು. "ಕೇಳಬೇಕಲ್ಲ ಮನುಷ್ಯ. ಹಟ, ಹಟ." ಅಲ್ಲೇ ಮೇಜಿನ ಮೇಲೆ ಕಾಗದ ಬರೆದುಕೊಟ್ಟರು. ಹೃದಯಾಘಾತ. ಕತ್ತಲಾಗುವ ಮೊದಲು ಅವನು ಬೂದಿಯಾಗಿದ್ದ.

ಮರುದಿನ ಬಾಗಿಲು ತೆರೆದು ನೋಡಿದರೆ ನಾಲ್ಕು ಮೀನೂ ಹೊಟ್ಟೆ ಮೇಲು ಮಾಡಿ ತೇಲುತ್ತಿದ್ದವು. ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ಪಂಪಿನ ಸ್ವಿಚ್ಚು ಕಣ್ಣಿಗೆ ಬಿತ್ತು. ಅವನು ಆರಿಸಿದ್ದು, ಮತ್ತೆ ಯಾರೂ ಹಾಕಿರಲಿಲ್ಲ. ಸಾವಿನ ಮನೆಯಲ್ಲಿ ಯಾರಿಗೆ ನೆನಪಿರುತ್ತದೆ? ಅವಳಿಗೆ ನಗು ಬಂತು. ತಾನಾಗಿ ಮಾಡಿದ್ದರೂ ಇಷ್ಟು ಅಚ್ಚುಕಟ್ಟಾಗಿ ಆಗುತ್ತಿರಲಿಲ್ಲ.

ಪ್ರಾಧ್ಯಾಪಕಿ ಮಧ್ಯಾಹ್ನ ಬಂದರು. ತೊಟ್ಟಿಯ ಮುಂದೆ ನಿಂತು, "ನಾಲ್ಕೂನಾ?" ಎಂದು ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ಕಣ್ಣೀರು ಯಾರಿಗೆಂದು ಅವಳು ಕೇಳಲಿಲ್ಲ.

"ಪಂಪು ನಿಂತುಹೋಗಿತ್ತು ಮೇಡಂ. ಆ ಗಲಾಟೇಲಿ ಯಾರೂ ನೋಡ್ಲಿಲ್ಲ. ಪಾಪ, ಉಸಿರುಕಟ್ಟಿ ಸತ್ತವು."

ಪ್ರಾಧ್ಯಾಪಕಿ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. "ಪಂಪು ನಿಂತಿದ್ದಕ್ಕಾ?"

"ಹೂಂ, ಇನ್ನೇನು ಮತ್ತೆ."

"ಹಾಗಾದ್ರೆ ಇವನ್ನ ನಾನು ತಗೊಂಡು ಹೋಗ್ತೀನಿ. ಒಂದು ಬಾಟಲಿ ನೀರೂ ಬೇಕು."

"ತೊಟ್ಟಿ ಸಮೇತ ತಗೊಂಡು ಹೋಗಿ," ಎಂದಳು ಅವಳು, ಮನಃಪೂರ್ವಕವಾಗಿ. ಬಾಟಲಿ ತಾನೇ ತಂದುಕೊಟ್ಟಳು. ಫ್ರಿಜ್ಜಿನ ಮೇಲಿನ ಖಾನೆಯ ಚೀಲಗಳನ್ನೂ ಬೆರಳ ತುದಿಯಲ್ಲಿ ಹಿಡಿದು ಕೊಟ್ಟಳು. ಹುಳದ ಡಬ್ಬಿಯನ್ನೂ ಕೊಡಹೋದಳು, ಅದು ಬೇಡವೆಂದರು.

ಹದಿನೈದು ದಿನ ಅವಳು ಮನೆ ತೊಳೆದಳು. ಗೋಡೆಗೆ ಬಿಳಿ ಬಣ್ಣ ಹೊಡೆಸಿದಳು. ತೊಟ್ಟಿ ಇದ್ದಲ್ಲಿ ಒಂದು ಮಂಚ ಹಾಕಿ, ಅದರ ಮೇಲೆ ಅಕ್ಕನ ಹೊದಿಕೆ ಹಾಸಿ, ಫ್ಯಾನು ಹಾಕಿದಳು, ಲೈಟು ಹಾಕಿದಳು, ಎರಡನ್ನೂ ಆರಿಸದೆ ಹಾಗೇ ಬಿಟ್ಟಳು. ಹಾಲಿಗೆ ಹಾಲಿನದೇ ವಾಸನೆ ಬರುತ್ತಿತ್ತು.

ಹದಿನಾರನೆಯ ದಿನ ಪ್ರಾಧ್ಯಾಪಕಿ ಮತ್ತೆ ಬಂದರು. ಅವರ ಹಿಂದೆ ಕೆಳಮನೆಯ ಡಾಕ್ಟರು ಒಂದು ಕಾಗದ ಹಿಡಿದು, ಅವಳ ಮುಖ ನೋಡದೆ ನಿಂತಿದ್ದರು. "ಪಂಪು ನಿಂತ್ರೆ ಸಾಯೋ ಮೀನಲ್ಲ ಅದು," ಎಂದರು ಪ್ರಾಧ್ಯಾಪಕಿ. "ಮೇಲೆ ಬಂದು ಬಾಯಲ್ಲೇ ಗಾಳಿ ಕುಡಿಯುತ್ತೆ. ನೀರೇ ಇಲ್ಲದ ಕೆಸರಲ್ಲಿ ತಿಂಗಳುಗಟ್ಟಲೆ ಬದುಕಿತ್ತು. ಅದರ ವಿಶೇಷಾನೇ ಅದು. ನಿಮ್ಮ ಯಜಮಾನ್ರು ನಿಮಗೆ ತೋರಿಸಿರಲೇಬೇಕಲ್ಲ, ದಾರೀಲಿ ಹೋಗೋರನ್ನೆಲ್ಲ ಕರೆದು ತೋರಿಸ್ತಿದ್ರು. ಮತ್ತೆ ಯಾಕೆ ಸತ್ತವು ಅಂತ ಕುಯ್ದು ನೋಡಿಸಿದೆ." ಮೂವತ್ತು ವರ್ಷ ಜೊತೆಗಿದ್ದ ಗಂಡ ಮೈಮೇಲೆ ಒಂದು ಗೀರೂ ಬೀಳದೆ ಸುಟ್ಟುಹೋಗಿದ್ದ, ಬೆರಳುದ್ದದ ನಾಲ್ಕು ಮೀನುಗಳಿಗೆ ಮಾತ್ರ, ಪ್ರಪಂಚದಲ್ಲಿ ನಾಲ್ಕೇ ಇದ್ದುದರಿಂದ, ಮರಣೋತ್ತರ ಪರೀಕ್ಷೆ ನಡೆದಿತ್ತು. "ಗಿಡದ ಹುಳಕ್ಕೆ ಹೊಡೆಯೋ ಔಷಧಿ," ಎಂದರು ಡಾಕ್ಟರು, ಕಾಗದಕ್ಕೆ ಹೇಳುವಂತೆ. "ಮೀನಲ್ಲೂ ಇದೆ, ನೀರಲ್ಲೂ ಇದೆ. ಆ ರೂಮಲ್ಲಿ ಅವರು ಸೊಳ್ಳೆಬತ್ತಿ ಹಚ್ಚೋಕೂ ಬಿಡ್ತಿರಲಿಲ್ಲ. ಟ್ಯಾಂಕಿಗೆ ಹೇಗೆ ಬಂತಮ್ಮ ಅದು?" ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಟ್ಯಾಂಕನ್ನು ನಾನು ಮುಟ್ಟಿಲ್ಲ ಎಂದು ಹೇಳಹೊರಟಳು, ಅದು ನಿಜವಾಗಿತ್ತು. ಅಷ್ಟರಲ್ಲಿ ಭಾನುವಾರ ಬೆಳಗಿನ ಸದ್ದು ಕಿವಿಯಲ್ಲಿ ಮತ್ತೆ ಕೇಳಿಸಿತು: ಮೊದಲು ಕೆಮ್ಮು, ಆಮೇಲೆ ಅವನ ಬಾಯಿಂದ ಪೈಪಿನಲ್ಲಿಳಿದು ತೊಟ್ಟಿಗೆ ವಾಪಸ್ಸಾದ ನೀರಿನ ಗೊಳಗೊಳ.